ಮೂವರು ವೈದ್ಯರಿಗೆ ಹಂಚಿ ಹೇಳಿದ ಒಂದೇ ಕಾಯಿಲೆ

ಒಗ್ಗರಣೆ ಅವಲಕ್ಕಿಯ ತುತ್ತು ಅಂಗುಳಕ್ಕೆ ಅಂಟಿಕೊಂಡು, ನೀರು ಕುಡಿಯದೆ ಗಂಟಲಲ್ಲಿ ಇಳಿಯದೆ ಹೋದ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅದಕ್ಕೂ ಮೊದಲೇ ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದು ನಿಂತಿತ್ತು. ಅದನ್ನು ಅನುಕೂಲವೆಂದೇ ಎಣಿಸಿದ್ದೆ.

ಕಣ್ಣುರಿಯನ್ನು ಕಣ್ಣಿನ ವೈದ್ಯರಿಗೆ, ಹುಳುಕನ್ನು ದಂತವೈದ್ಯರಿಗೆ, ಬೆರಳ ಗೆಣ್ಣುಗಳ ನೋವನ್ನು ಮೂಳೆ ವೈದ್ಯರಿಗೆ ಹೇಳಿದೆ. ಒಬ್ಬರ ಬಳಿ ಇನ್ನೊಬ್ಬರ ಮಾತೆತ್ತಲಿಲ್ಲ, ಅವರೂ ಕೇಳಲಿಲ್ಲ. ಅಲರ್ಜಿಯೆಂದು ಬರೆದುಕೊಟ್ಟಿದ್ದ ಸೆಟಿರಿಜಿನ್ ಮಾತ್ರೆಯನ್ನು, ಚೀಟಿಯ ಅವಧಿ ಮುಗಿದ ಮೇಲೂ ಆರು ತಿಂಗಳು ಅಂಗಡಿಯಿಂದ ತಂದು ನುಂಗಿದೆ. ಆ ಬಗೆಯ ಮಾತ್ರೆಗಳು ಕಣ್ಣು ಬಾಯಿಗಳನ್ನು ಇನ್ನಷ್ಟು ಒಣಗಿಸಬಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಬಾಯಾರಿಕೆ ತಣಿಯಲೆಂದು ದಿನವಿಡೀ ಚೀಪಿದ ನಿಂಬೆ ಪೆಪ್ಪರ್‌ಮೆಂಟು ಮಾಡಿದ ಹಾನಿ ಇನ್ನೂ ದೊಡ್ಡದು: ಆಮ್ಲವನ್ನೂ ಸಕ್ಕರೆಯನ್ನೂ ತೊಳೆದು ಹಾಕಲು ಜೊಲ್ಲೇ ಇಲ್ಲದ ಬಾಯಲ್ಲಿ, ಮೂರು ಹಲ್ಲುಗಳು ವಸಡಿನ ಅಂಚಿನಲ್ಲೇ ಕೊಳೆತು ಕೀಳಿಸಬೇಕಾಯಿತು. ಮನೆಯಲ್ಲಿ ಎಲ್ಲದಕ್ಕೂ 'ಉಷ್ಣ' ಎಂಬ ಒಂದೇ ಉತ್ತರವಿತ್ತು. ನನ್ನ ವಯಸ್ಸು 48 ಆದ್ದರಿಂದ ಮುಟ್ಟು ನಿಲ್ಲುವ ಕಾಲವೆಂಬ ಸಮಾಧಾನವೂ ಸೇರಿಕೊಂಡಿತು.

ಕೊನೆಗೆ ಸಂಧಿವಾತ ತಜ್ಞೆಯೊಬ್ಬರು ಮೂರನ್ನೂ ಒಟ್ಟಿಗೆ ಕೇಳಿದರು. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸುವ ಷಿರ್ಮರ್ ಪರೀಕ್ಷೆಯಲ್ಲಿ 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ಸಾಲದೆಂದು ಅರ್ಥ. ನನ್ನದು 2 ಮಿ.ಮೀ. ರಕ್ತದಲ್ಲಿ ದೇಹದ ಸ್ವಂತ ಪ್ರೋಟೀನಿನ ಮೇಲೆಯೇ ಎರಗುವ 'ರೋ' ಎಂಬ ಪ್ರತಿಕಾಯ ಕಂಡುಬಂತು, ಕೆಳತುಟಿಯ ಒಳಗಿನ ಸಣ್ಣ ಗ್ರಂಥಿಗಳ ಬಯಾಪ್ಸಿ ಅನುಮಾನವನ್ನು ಖಚಿತಪಡಿಸಿತು. ಇದು ಶೋಗ್ರೆನ್ ಸಿಂಡ್ರೋಮ್. 1933ರಲ್ಲಿ 19 ಹೆಂಗಸರ ಕಣ್ಣುಗಳ ಕುರಿತು ಪ್ರಬಂಧ ಬರೆದ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಅವರ ಹೆಸರಿನದು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳೊಳಗೆ ನುಗ್ಗಿ ಅವುಗಳನ್ನು ಕೆಡಿಸುವ ಈ ಕಾಯಿಲೆ, ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು.

ದಿನಕ್ಕೆ ಹತ್ತು ಸಲ ಹಾಕುತ್ತಿದ್ದ ಡ್ರಾಪ್ಸ್‌ನಲ್ಲಿ, ಅದು ಕೆಡದಿರಲೆಂದು ಬೆರೆಸಿದ್ದ ಸಂರಕ್ಷಕವೂ ಕಣ್ಣಿನ ಮೇಲ್ಪದರವನ್ನು ಕೆಣಕುತ್ತಿತ್ತಂತೆ. ಈಗ ಸಂರಕ್ಷಕವಿಲ್ಲದ, ತೆರೆದ ದಿನವೇ ಎಸೆಯುವ ಪುಟ್ಟ ಕೊಳವೆಗಳನ್ನು ಬಳಸುತ್ತೇನೆ. ದುಬಾರಿಯೇ, ಆದರೆ ಮರಳು ಉಜ್ಜಿದಂಥ ಉರಿ ಇಳಿದಿದೆ. ಹಲ್ಲಿಗೆ ಫ್ಲೋರೈಡ್ ಲೇಪನ ನಡೆಯುತ್ತಿದೆ. ಈ ಕಾಯಿಲೆಯವರಿಗೆ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಅಪಾಯ ಇತರರಿಗಿಂತ ಹೆಚ್ಚಿರುವುದರಿಂದ, ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಊತ ಇಳಿಯದೆ ಉಳಿದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಬರಬೇಕೆಂದು ವೈದ್ಯೆ ನನ್ನ ಕಡತದ ಮೊದಲ ಪುಟದಲ್ಲೇ ಬರೆದಿದ್ದಾರೆ.