ಕೃತಜ್ಞತೆ ಡೈರಿ: ಎರಡು ಮಳೆಗಾಲ ಬಳಸಿದ ಮೇಲೆ

ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿದ ವರ್ಷ, ಬೆಂಗಳೂರಲ್ಲಿರುವ ತಂಗಿ ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ ಡೈರಿ ಇದು. ಬೆಲೆ 499 ರೂಪಾಯಿ. ದಿನಕ್ಕೊಂದು ಪುಟ, ಪುಟಕ್ಕೆ ಮೂರು ಗೆರೆ, ಮೇಲೆ ‘ಇಂದು ಯಾವುದಕ್ಕೆ ಕೃತಜ್ಞರಾಗಿದ್ದೀರಿ?’ ಅಂತ ಪ್ರಶ್ನೆ. ನಮ್ಮದು ಹೊಸನಗರದ ಕಡೆ ತೋಟದ ಮನೆ. ಮೂರು ದಿನದಿಂದ ಕರೆಂಟಿಲ್ಲ, ಒಗೆದ ಬಟ್ಟೆ ಒಣಗಿಲ್ಲ, ಅಂಗಳದ ತುಂಬ ಉಂಬಳ (ಜಿಗಣೆ). ಆ ಪ್ರಶ್ನೆ ಓದಿ ನಗು ಬಂತು.

ಡೈರಿಯ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಷ್ಯ ಮಳೆ ಹೊತ್ತಿಗೆ ರಟ್ಟಿಗೆ ಬೂಷ್ಟು ಹಿಡಿಯಿತು, ಜೆಲ್ ಪೆನ್ನಿನ ಶಾಯಿ ಹರಡಿತು. ತಾರೀಖು ಅಚ್ಚಾಗಿರುವುದರಿಂದ ಬರೆಯದೆ ಬಿಟ್ಟ ಪುಟಗಳೆಲ್ಲ ಸೊಸೈಟಿ ಸಾಲದ ಬಾಕಿ ಕಂತಿನ ಹಾಗೆ ಕಾಣುತ್ತವೆ.

ಮೊದಲ ಎರಡು ತಿಂಗಳು ದಿನಾ ಬರೆದೆ. ‘ಮನೆ, ಮಕ್ಕಳು, ಆರೋಗ್ಯ.’ ಮಾರನೇ ದಿನವೂ ಅದೇ. ಬಾಯಿಪಾಠದ ಸಹಸ್ರನಾಮದಂತೆ, ಮನಸ್ಸೆಲ್ಲ ಒಲೆ ಮೇಲಿಟ್ಟ ಹಾಲಿನ ಕಡೆ. ಬಿಟ್ಟುಬಿಡೋಣ ಅನ್ನುವಾಗ ಈ ಬಗ್ಗೆ ಒಂದಿಷ್ಟು ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಜನ ಕೃತಜ್ಞತೆ ಬರೆದದ್ದು ವಾರಕ್ಕೊಮ್ಮೆ, ಹತ್ತು ವಾರ. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತಂತೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡದ 2005ರ ಪ್ರಯೋಗದಲ್ಲಿ ಒಳ್ಳೆಯದಾದ ಮೂರು ಸಂಗತಿಯ ಜೊತೆ ‘ಅದು ಯಾಕಾಯಿತು’ ಎಂದೂ ಬರೆಯಬೇಕಿತ್ತು. ನನಗೆ ಕೆಲಸಕ್ಕೆ ಬಂದದ್ದು ಈ ‘ಯಾಕೆ’.

ಅಲ್ಲಿಂದ ಭಾನುವಾರ ಮಾತ್ರ ಬರೆಯುತ್ತೇನೆ. ಒಂದು ಪುಟ ಹೀಗಿದೆ: ‘ಕರೆಂಟ್ ಬಂತು. ಯಾಕೆ? ಲೈನ್‌ಮನ್ ಹಳ್ಳ ದಾಟಿ ಬಂದು, ತಂತಿ ಮೇಲೆ ಬಿದ್ದ ಹಲಸಿನ ಕೊಂಬೆ ಕಡಿದ. ಕಾಲಿಗೆ ಉಂಬಳ ಕಚ್ಚಿ ರಕ್ತ ಇಳಿಯುತ್ತಿತ್ತು. ಕಷಾಯ ಕೊಟ್ಟರೆ ನಿಂತೇ ಕುಡಿದು ಹೋದ.’ ಇಷ್ಟು ಬರೆದ ರಾತ್ರಿ, ದೀಪ ಆರಿಸಿದ ಕೂಡಲೇ ಶುರುವಾಗುತ್ತಿದ್ದ ನಷ್ಟದ ಲೆಕ್ಕ ಸ್ವಲ್ಪ ತಡವಾಗಿ ಶುರುವಾಯಿತು. ನಿಂತಿತು ಅಂತಲ್ಲ. ನಮ್ಮ ಕಡೆ ಥ್ಯಾಂಕ್ಸ್ ಅಂದರೆ ಹೇಳಿದವರಿಗೂ ಕೇಳಿದವರಿಗೂ ಮುಜುಗರ; ಹಾಗಾಗಿ ಅವನಿಗೆ ಮುಂದಿನ ಸಲ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದೆ. ಆ ಖುಷಿ ಬರೆದದ್ದಕ್ಕಿಂತ ಜಾಸ್ತಿ ದಿನ ಉಳಿಯಿತು.

ಎಲ್ಲದಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ಭಾವನವರ ಜೊತೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಪಾಲಿನ ತಕರಾರಾದಾಗ ‘ಇದ್ದದ್ದರಲ್ಲಿ ಖುಷಿಪಡು, ಡೈರಿ ಬರಿ’ ಅಂದರು ನಮ್ಮನೆಯವರು. ಬರೆಯಲಿಲ್ಲ, ಊರಿನ ನಾಲ್ಕು ಜನರನ್ನು ಕೂರಿಸಿ ಮಾತಾಡಿ ಪೈಪು ಹಾಕಿಸಿಕೊಂಡೆ. ಹೋದ ಕೊಯ್ಲಿನ ಹೊತ್ತಿಗೆ ಮೂರು ವಾರ ಊಟ ಸೇರದೆ, ನಿದ್ದೆ ಹತ್ತದೆ ಒದ್ದಾಡಿದಾಗ ಪೆನ್ನು ಹಿಡಿಯಲೂ ಆಗಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ಶಿವಮೊಗ್ಗಕ್ಕೆ ಹೋಗಿ ಡಾಕ್ಟರನ್ನೂ ಕಂಡೆ. ಆ ಕೆಲಸ ಡೈರಿಯದಲ್ಲ.

ಡೈರಿಗೆ ಐದಕ್ಕೆ ಎರಡು, ಅಭ್ಯಾಸಕ್ಕೆ ಮೂರೂವರೆ. ಈಗ ಬರೆಯುವುದು ಗಾಂಧಿ ಬಜಾರಿನಲ್ಲಿ ತಂದ ನಲವತ್ತು ರೂಪಾಯಿ ನೋಟ್‌ಬುಕ್ಕಿನಲ್ಲಿ, ಬಾಲ್ ಪೆನ್ನಿನಲ್ಲಿ. ಮಳೆಗಾಲದಲ್ಲಿ ಅಕ್ಕಿ ಡಬ್ಬದೊಳಗೆ ಇಡುತ್ತೇನೆ, ಇನ್ನೂ ಬೂಷ್ಟು ಬಂದಿಲ್ಲ.