ಸೊಂಟನೋವಿಗೆ ಯಾರ ಕೈ? ಆಸ್ಟಿಯೋಪಥಿ, ಫಿಸಿಯೋ, ಕೈರೋ, ಕಟಿಬಸ್ತಿ

ಇಂಗ್ಲೆಂಡಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರಿಗೆ ಸೊಂಟ ಹಿಡಿದುಕೊಂಡರೆ ಮೂರು ದಾರಿ: ಫಿಸಿಯೋಥೆರಪಿ, ಆಸ್ಟಿಯೋಪಥಿ (ಕೈಯಿಂದ ಸ್ನಾಯು, ಕೀಲು ಸಡಿಲಿಸುವುದು), ಕೈರೋಪ್ರಾಕ್ಟಿಕ್ (ಬೆನ್ನುಮೂಳೆಯ ಕೀಲನ್ನು ಲಟಕ್ ಅನ್ನಿಸುವುದು). ರಜೆಗೆ ಮೈಸೂರಿಗೆ ಹೋದರೆ ಆಯುರ್ವೇದದ ಕಟಿಬಸ್ತಿಯೂ ಇದೆ. ನಾಲ್ಕನ್ನೂ ಮಾಡಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕೈಗುಣ ಅಂತ ನೋಡಿದರೆ ಆಸ್ಟಿಯೋಪಥಿಗೇ ನನ್ನ ಓಟು. ಆದರೆ ನೋವು ಪದೇ ಪದೇ ಬಾರದಂತೆ ಮಾಡಿದ್ದು ಫಿಸಿಯೋ.

ಆಸ್ಟಿಯೋಪಥಿಯಲ್ಲಿ ಮೊದಲ ಭೇಟಿ ಮುಕ್ಕಾಲು ಗಂಟೆ ದಾಟುತ್ತದೆ. ಅದರಲ್ಲಿ ಅರ್ಧ ಹೊತ್ತು ಬರೀ ಮಾತು. ನಿದ್ದೆ ಹೇಗೆ, ಹಳೇ ಏಟು ಏನಾದರೂ ಇದೆಯಾ, ಕೆಲಸದ ಟೆನ್ಷನ್ ಎಷ್ಟು, ಎಲ್ಲ ಕೇಳುತ್ತಾರೆ. ಆಮೇಲೆ ನಿಲ್ಲಿಸಿ, ಬಗ್ಗಿಸಿ, ತಿರುಗಿಸಿ ನೋಡುತ್ತಾರೆ. (ಒಳಉಡುಪಿನಲ್ಲಿ ನಿಲ್ಲಲು ಸಂಕೋಚವಾದರೆ ಸಡಿಲ ಚಡ್ಡಿ ತೊಟ್ಟು ಹೋಗಿ, ಏನೂ ಅನ್ನುವುದಿಲ್ಲ.) ನನಗೆ ನೋವಿದ್ದದ್ದು ಸೊಂಟದ ಎಡಕ್ಕೆ. ನನ್ನನ್ನು ನೋಡಿದ ಆಸ್ಟಿಯೋಪಾತ್ ಕೈ ಇಟ್ಟದ್ದು ತೊಡೆಯ ಕೀಲಿಗೆ, ಆಮೇಲೆ ಪಕ್ಕೆಲುಬಿನ ಕೆಳಗೆ. ಮಡಿಸಿದ ಕಾಲನ್ನು ಹಿಡಿದು, ‘ನನ್ನ ಕೈಯನ್ನು ಮೆಲ್ಲಗೆ ತಳ್ಳಿ’ ಎಂದರು. ಕೆಲವು ಸೆಕೆಂಡ್ ತಳ್ಳಿ, ಉಸಿರು ಬಿಟ್ಟು ಸಡಿಲವಾದರೆ ಅದೇ ಕಾಲು ಇನ್ನೊಂದು ಬೆರಳಿನಷ್ಟು ಆಚೆ ಹೋಗುತ್ತದೆ. ಮತ್ತೆ ತಳ್ಳು, ಮತ್ತೆ ಬಿಡು. ಇದಕ್ಕೆ ಮಸಲ್ ಎನರ್ಜಿ ಟೆಕ್ನಿಕ್ ಅನ್ನುತ್ತಾರೆ. ಲಟಕ್ ಅನ್ನುವ ಶಬ್ದವೂ ಇಲ್ಲ, ನೋವೂ ಇಲ್ಲ. ಆ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗಲಿಲ್ಲ.

ಮನಸ್ಸಿಗೂ ಹಗುರ ಅನಿಸಿತು, ಸುಳ್ಳಲ್ಲ. ಒಬ್ಬರು ಅಷ್ಟು ಹೊತ್ತು ಗಡಿಯಾರ ನೋಡದೆ ನಮ್ಮ ಮಾತು ಕೇಳಿದರೆ ಯಾರಿಗಾದರೂ ಹಾಗನ್ನಿಸುತ್ತದೆ ಅಲ್ವಾ? ಹಾಗಂತ ಎಲ್ಲ ಮಾತನ್ನೂ ನಂಬಬೇಕಿಲ್ಲ. ಆಸ್ಟಿಯೋಪಥಿಯನ್ನು ಶುರು ಮಾಡಿದ್ದು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ. ಮೆನಿಂಜೈಟಿಸ್‌ಗೆ (ಮಿದುಳು ಪೊರೆಯ ಉರಿಯೂತ) ಮಕ್ಕಳು ಬಲಿಯಾದ ಮೇಲೆ ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಅವರ ಶಿಷ್ಯ ಸದರ್ಲೆಂಡ್‌ಗೆ ತಲೆಬುರುಡೆಯ ಮೂಳೆಯ ಅಂಚು ಮೀನಿನ ಕಿವಿರಿನಂತೆ ಕಂಡು, ಬುರುಡೆಯೂ ಉಸಿರಾಡುತ್ತದೆ ಎಂಬ ವಾದ ಹುಟ್ಟಿತು. ಅದೇ ಕ್ರೇನಿಯಲ್ ಆಸ್ಟಿಯೋಪಥಿ. ನನ್ನ ತಲೆಯನ್ನೂ ಹಾಗೆ ಸುಮ್ನೆ ಹಿಡಿದುಕೊಂಡು ಕೂತಿದ್ದರು. ಒಳ್ಳೇ ನಿದ್ದೆ ಬಂತು. ಬುರುಡೆ ಅಲುಗಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ನಿದ್ದೆಗಾಗಿ ಅಷ್ಟು ಪೌಂಡ್ ಕೊಡುವುದು ನಿಮಗೆ ಬಿಟ್ಟದ್ದು.

ಫಿಸಿಯೋದಲ್ಲಿ ಈ ಸುಖ ಇಲ್ಲ. ಅಲ್ಲಿ ಮೈ ಮುಟ್ಟಿದ್ದೇ ಕಡಿಮೆ. ಬೋರಲು ಮಲಗಿ, ಸೊಂಟ ನೆಲಕ್ಕೆ ಬಿಟ್ಟು, ಅಂಗೈ ಊರಿ ಎದೆ ಮೇಲೆತ್ತುವುದು. ಇದನ್ನೇ ದಿನಕ್ಕೆ ಹಲವು ಸಲ ಮನೆಯಲ್ಲಿ ಮಾಡಬೇಕು. ನಮ್ಮ ಭುಜಂಗಾಸನವೇ. ಬೇಜಾರಿನ ಕೆಲಸ, ಒಂದು ವಾರ ಏನೂ ಆಗಲಿಲ್ಲ. ತಿಂಗಳು ಕಳೆದ ಮೇಲೆ ಅಕ್ಕಿ ಚೀಲ ಎತ್ತುವಾಗ ಹೆದರಿಕೆ ಇರಲಿಲ್ಲ. ಎನ್‌ಎಚ್‌ಎಸ್‌ನಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಇದಕ್ಕೆ ದುಡ್ಡು ಕೊಡಬೇಕಿಲ್ಲ, ಸರದಿ ಮಾತ್ರ ಕಾಯಬೇಕು. ಚಿಕಿತ್ಸೆ ಹೇಗಿರಬೇಕು ಎಂದು ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸೊಂಟನೋವಿಗೆ ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ.

ಕೈರೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಟಕ್ ಎಂದ ಕ್ಷಣ ಹಿತವಾಗಿತ್ತು. ಆದರೆ ಎದ್ದು ಶರ್ಟ್ ಹಾಕಿಕೊಳ್ಳುವ ಮೊದಲೇ ಮುಂಗಡ ಪ್ಯಾಕೇಜಿನ ಹಾಳೆ ಕೈಗಿಟ್ಟರು. ಇನ್ನೊಂದು ಕ್ಲಿನಿಕ್‌ನಲ್ಲಿ ಹಾಗಿರಲಿಕ್ಕಿಲ್ಲ. ನಾನಂತೂ ಮತ್ತೆ ಆ ಕಡೆ ಹೋಗಲಿಲ್ಲ.

ಕಟಿಬಸ್ತಿಯದೇ ಬೇರೆ ಲೋಕ. ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ಹೊಯ್ಯುತ್ತಾರೆ. ಆರುತ್ತಿದ್ದಂತೆ ಹತ್ತಿಯಲ್ಲಿ ಹೀರಿಸಿ ತೆಗೆದು ಮತ್ತೆ ಬಿಸಿ ಎಣ್ಣೆ. ಬಿಗಿತ ಬಿಡುತ್ತದೆ, ಮೈಯೆಲ್ಲ ಹಗುರ. ಆದರೆ ಲಂಡನ್ ವಿಮಾನದ ಸೀಟಿನಲ್ಲಿ ಹತ್ತು ಗಂಟೆ ಕೂತರೆ ಆ ಸುಖ ಅಲ್ಲೇ ಇಳಿದುಹೋಗುತ್ತದೆ.

ಹಾಗಾಗಿ ಈಗ ಸೊಂಟ ಪೂರಾ ಹಿಡಿದುಕೊಂಡು ವ್ಯಾಯಾಮವೇ ಆಗದಿದ್ದಾಗ ಮಾತ್ರ ಆಸ್ಟಿಯೋಪಾತ್ ಹತ್ತಿರ ಹೋಗುತ್ತೇನೆ. ಸ್ವಲ್ಪ ಸಡಿಲವಾದ ಕೂಡಲೇ ಮತ್ತೆ ಚಾಪೆ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಿಂದಾಗಿ ನೋಂದಣಿ ಇಲ್ಲದವರು ಆಸ್ಟಿಯೋಪಾತ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ, ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಹೋಗಿ. ಅಮೆರಿಕದಲ್ಲಿ ಡಿಓ (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಎಂದರೆ ಔಷಧಿ, ಆಪರೇಷನ್ ಎಲ್ಲ ಮಾಡುವ ಪೂರ್ಣ ಡಾಕ್ಟರ್. ಬೆಂಗಳೂರಿನಲ್ಲಿ ಈ ಬೋರ್ಡು ಕಂಡರೆ ಅವರ ಮೂಲ ಓದು ಏನು ಅಂತ ಕೇಳಿ. ಇನ್ನು ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಈ ನಾಲ್ವರಲ್ಲಿ ಯಾರ ಹತ್ತಿರವೂ ಹೋಗಬೇಡಿ. ಆಗ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಅದೇ ದಿನ.