ಬಿಡಿ ಕವರ್, ಟ್ಯೂಬ್, ರೋಲ್: ಬಳಸಿ ನೋಡಿದ ಮೇಲೆ

ಪ್ಯಾಕಿಂಗ್ ಕೆಲಸದಲ್ಲಿ ಹೊತ್ತು ತಿನ್ನುವುದು ಸಾಮಾನು ತುಂಬುವುದಲ್ಲ, ಸೀಲ್ ಹಾಕುವುದೂ ಅಲ್ಲ. ಕವರಿನ ಬಾಯಿ ಬಿಡಿಸುವುದು. ಪುಣೆಯ ಭೋಸರಿಯಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಪೀಠೋಪಕರಣ ಜೋಡಿಸಲು ಬೇಕಾಗುವ ಸ್ಕ್ರೂ, ವಾಷರ್, ಅಲೆನ್ ಕೀಗಳನ್ನು ಎಣಿಸಿ, ಕವರಿಗೆ ತುಂಬಿ ಕಾರ್ಖಾನೆಗಳಿಗೆ ಕೊಡುತ್ತೇವೆ. ಮೇಜಿನ ಸುತ್ತ ಕೂರುವವರು ಬಹುಪಾಲು ಕಲಬುರಗಿ, ವಿಜಯಪುರ ಕಡೆಯ ಹೆಣ್ಣುಮಕ್ಕಳು. ಬಿಡಿ ಕವರ್, ಟ್ಯೂಬ್ ರೋಲ್, ಹರಿದುಕೊಳ್ಳುವ ರೋಲ್, ಬಾಯಿ ತೆರೆದೇ ಬರುವ ರೋಲ್ ನಾಲ್ಕೂ ಈ ಮೇಜಿನ ಮೇಲೆ ದುಡಿದಿವೆ. ಅಳತೆ ಎಲ್ಲದಕ್ಕೂ ಒಂದೇ: 4×6 ಇಂಚು, ಹಾಳೆಯ ದಪ್ಪ 50 ಮೈಕ್ರಾನ್. ಅಂಗಡಿಯವರ ಮಾತಿನಲ್ಲಿ 200 ಗೇಜ್.

ಮೊದಲು ಬಿಡಿ ಕವರ್. ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋದರೆ ಬೇಕಾದ ಅಳತೆಯದು ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಬಂಡವಾಳ ಬೇಡ, ಯಂತ್ರ ಬೇಡ. ಕರೆಂಟ್ ಹೋದರೆ ಸ್ಟೇಪ್ಲರ್ ಹೊಡೆದಾದರೂ ಕೆಲಸ ಮುಗಿಸಬಹುದು. ಕಷ್ಟವೆಲ್ಲ ಬೆರಳಿನದು. ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಬೇಕು, ಎರಡು ಪದರಗಳು ಒಂದರ ಮೇಲೊಂದು ಜಾರಬೇಕು, ಆ ಸಂದಿನಲ್ಲಿ ಉಗುರು ತೂರಿಸಬೇಕು. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನಿಂದ ಪದರಗಳು ಕಚ್ಚಿಕೊಂಡು ಕೂರುತ್ತವೆ. ಒದ್ದೆ ಸ್ಪಂಜಿನ ಬಟ್ಟಲು ಪಕ್ಕದಲ್ಲಿದ್ದರೂ ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ನುಣುಪಾಗಿ ಹಿಡಿತ ತಪ್ಪುತ್ತದೆ. "ಅಕ್ಕಾ, ಇದರ ಬಾಯಿ ಯಾವ ಕಡೆಗಿದೆ?" ಎಂಬ ಪ್ರಶ್ನೆ ಆಗ ಪದೇ ಪದೇ ಕೇಳಿಸುತ್ತದೆ.

ಇನ್ನೊಂದು ದೋಷ ಹೊಲಿಗೆಯಲ್ಲಿದೆ. ಬಿಡಿ ಕವರುಗಳಲ್ಲಿ ಅನೇಕವು ಎರಡೂ ಪಕ್ಕಗಳಲ್ಲಿ ಬಿಸಿ ಅಲಗಿನಿಂದ ಕತ್ತರಿಸಿ ಬೆಸೆದಂಥವು. ಆ ಬೆಸುಗೆ ನೂಲಿನಷ್ಟು ಸಣ್ಣದು. ಬಟ್ಟೆ, ಕಾಗದಕ್ಕೆ ಅದು ಸಾಕು. ಸ್ಕ್ರೂ ತುಂಬಿದ ಪ್ಯಾಕೆಟ್ಟುಗಳು ಡಬ್ಬದಲ್ಲಿ ಕುಲುಕಿದರೆ ಪಕ್ಕದ ಅಂಚು ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಒಂದು ವಾಷರ್ ಉದುರಿದರೂ ಇಡೀ ಕಿಟ್ ವಾಪಸ್ ಬರುತ್ತದೆ ಎಂಬುದು ಈ ಕಸುಬಿನವರಿಗೆ ಗೊತ್ತು.

ಕಿಲೋ ಲೆಕ್ಕದಲ್ಲಿ ಕೊಳ್ಳುವವರು ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. 4×6 ಇಂಚಿನ, 50 ಮೈಕ್ರಾನಿನ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥೀನ್) ಕವರ್ ಸುಮಾರು 1.4 ಗ್ರಾಂ ತೂಗುತ್ತದೆ. ನೂರು ಕವರ್ ಎಣಿಸಿ ತಕ್ಕಡಿಗೆ ಹಾಕಿದರೆ 140 ಗ್ರಾಂ ಆಸುಪಾಸು ಬರಬೇಕು. 115ಕ್ಕೆ ನಿಂತರೆ ಕೈಯಲ್ಲಿರುವುದು 40 ಮೈಕ್ರಾನಿನ ಮಾಲು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಸಾಮಾನು ಸುತ್ತುವ ಇಂಥ ಹಾಳೆಗೆ 50 ಮೈಕ್ರಾನಿನ ಕೆಳಮಿತಿ ಹಾಕಿವೆ. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ತನ್ನದೇ ನಿಷೇಧದ ಆದೇಶ ಹೊರಡಿಸಿದ ಮೇಲೆ ಕೊಳ್ಳುವವರೂ ದಪ್ಪ ಕೇಳಿಯೇ ಮಾತು ಮುಂದುವರಿಸುತ್ತಾರೆ.

ಟ್ಯೂಬ್ ರೋಲ್ ಎಂದರೆ ತಳವಿಲ್ಲದ, ಬಾಯಿಯಿಲ್ಲದ ಉದ್ದನೆಯ ಪ್ಲಾಸ್ಟಿಕ್ ಕೊಳವೆ. ಬೇಕಾದಷ್ಟು ಕತ್ತರಿಸಿ ಎರಡೂ ತುದಿಗೆ ಸೀಲ್ ಹಾಕಬೇಕು. ಪರದೆಯ ಸರಳು, ಉದ್ದನೆಯ ಹಿಂಜ್‌ನಂಥ ವಸ್ತುಗಳಿಗೆ ಇದಕ್ಕೆ ಸಮನಾದುದಿಲ್ಲ. ದಿನವಿಡೀ ಒಂದೇ ಅಳತೆಯ ಪ್ಯಾಕೆಟ್ ಆಗಬೇಕಿದ್ದಲ್ಲಿ ಎರಡೆರಡು ಸೀಲ್ ಹಾಕುವುದು ಶುದ್ಧ ದಂಡ.

ಹರಿದುಕೊಳ್ಳುವ ರೋಲನ್ನು ತರಕಾರಿ ತೂಗುವ ಕಡೆ ಎಲ್ಲರೂ ನೋಡಿರುತ್ತಾರೆ. ಕವರುಗಳು ಸಾಲಾಗಿ ಅಂಟಿಕೊಂಡಿರುತ್ತವೆ, ನಡುವೆ ತೂತುಗಳ ಗೆರೆ. ಕೊಳವೆಯಿಂದಲೇ ತಯಾರಾದ ರೋಲಿನಲ್ಲಿ ಪಕ್ಕದ ಹೊಲಿಗೆ ಇರುವುದಿಲ್ಲ, ತಳದ ಬೆಸುಗೆ ಮಾತ್ರ. ಸ್ಕ್ರೂಗಳಿಗೆ ಇದು ದೊಡ್ಡ ಅನುಕೂಲ. ಕವರುಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ, ಧೂಳು ಹಿಡಿಯುವುದಿಲ್ಲ. ಆದರೆ ಹರಿದ ಮೇಲೂ ಬಾಯಿ ಮುಚ್ಚಿಯೇ ಇರುತ್ತದೆ. ಬೆರಳಿಗೆ ಬಿಡುಗಡೆಯಿಲ್ಲ.

ಆ ಬಿಡುಗಡೆ ಸಿಕ್ಕಿದ್ದು ಬಾಯಿ ತೆರೆದ ರೋಲಿನಿಂದ. 1962ರಲ್ಲಿ ಅಮೆರಿಕದ ಒಹಾಯೊದಲ್ಲಿ ಶುರುವಾದ ಆಟೋಮೇಟೆಡ್ ಪ್ಯಾಕೇಜಿಂಗ್ ಸಿಸ್ಟಮ್ಸ್ ಕಂಪನಿ ಈ ಬಗೆಯ ರೋಲಿಗೇ ಹೆಸರಾಯಿತು. 2019ರಲ್ಲಿ ಅದನ್ನು ಸೀಲ್ಡ್ ಏರ್ ಎಂಬ ಕಂಪನಿ ಕೊಂಡಿತು. ಇದರಲ್ಲಿ ಕವರುಗಳು ಸರಪಳಿಯಂತೆ ಬರುತ್ತವೆ, ಆದರೆ ಪ್ರತಿ ಕವರಿನ ಮುಂಬದಿಯ ಪದರವನ್ನು ಮೊದಲೇ ಸೀಳಿರುತ್ತಾರೆ. ಹಿಂಬದಿ ಮಾತ್ರ ತೂತುಗಳ ಗೆರೆಯಲ್ಲಿ ಮುಂದಿನ ಕವರಿಗೆ ಹಿಡಿದುಕೊಂಡಿರುತ್ತದೆ. ಯಂತ್ರ ಗಾಳಿ ಊದಿದ ಕೂಡಲೇ ಬಾಯಿ ಅಗಲವಾಗಿ ತೆರೆದು ನಿಲ್ಲುತ್ತದೆ. ಸಾಮಾನು ಹಾಕುತ್ತಲೇ ಒಂದು ಪಟ್ಟಿ ಬಂದು ಬಾಯನ್ನು ಅದುಮುತ್ತದೆ, ಬಿಸಿ ಕಂಬಿ ಸೀಲ್ ಹಾಕುತ್ತದೆ, ಸರಪಳಿ ಹಿಂದಕ್ಕೆ ಸರಿದು ಪ್ಯಾಕೆಟ್ ಕಳಚಿ ಬೀಳುತ್ತದೆ. ಮೊದಲ ವಾರದಲ್ಲೇ ಎಲ್ಲರ ಎರಡೂ ಕೈಗಳು ಎಣಿಕೆಗೆ ತಿರುಗಿದವು. ನನಗೆ ವೇಗಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ: ಕಣ್ಣು ಕವರಿನ ಮೇಲಿಲ್ಲದಿದ್ದಾಗ ಸ್ಕ್ರೂ ಎಣಿಕೆ ತಪ್ಪುವುದಿಲ್ಲ.

ಇದಕ್ಕೂ ಕೊರತೆಗಳಿವೆ. ಯಂತ್ರ ದುಬಾರಿ, ಕೆಲವಕ್ಕೆ ಕಂಪ್ರೆಸರ್ ಬೇರೆ ಬೇಕು. ಅಳತೆ ಬದಲಾದಾಗಲೆಲ್ಲ ರೋಲ್ ಇಳಿಸಿ, ಏರಿಸಿ, ಹೊಂದಿಸಬೇಕು. ದಿನಕ್ಕೆ ನಾಲ್ಕೈದು ಬಗೆಯ ಕಿಟ್ ಇದ್ದರೆ ಉಳಿಸಿದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ತೂತಿನ ಗೆರೆ ಸಡಿಲವಾದರೆ ಸರಪಳಿ ನಡುವೆ ತುಂಡಾಗುತ್ತದೆ, ಬಿಗಿಯಾದರೆ ಹರಿಯುವಾಗ ಬಾಯಿ ಸೀಳುತ್ತದೆ. ಗಾಳಿ ಹೊರಹೋಗಲು ಸೂಜಿಯಷ್ಟು ರಂಧ್ರವಿಲ್ಲದ ಕವರುಗಳು ಉಬ್ಬಿಕೊಂಡು ಡಬ್ಬದಲ್ಲಿ ಜಾಗ ನುಂಗುತ್ತವೆ.

ಇದೇ ಸರಪಳಿ ಪದರ ಪದರವಾಗಿ ಮಡಚಿ ಪೆಟ್ಟಿಗೆಯಲ್ಲೂ ಬರುತ್ತದೆ. ಸುರುಳಿಯಲ್ಲಿ ಒಳಗಿನ ಕೊಳವೆಗೆ ಹತ್ತಿರದ ಕವರುಗಳು ಸುತ್ತಿದ ಬಾಗನ್ನು ಬಿಡುವುದಿಲ್ಲ, ಬಾಯಿ ಮತ್ತೆ ಮುಚ್ಚಿಕೊಳ್ಳಲು ನೋಡುತ್ತದೆ. ಬೇಸಿಗೆಯಲ್ಲಿ ತಗಡಿನ ಸೂರಿನಡಿ ಇಟ್ಟ ರೋಲಿನಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಂಡದ್ದನ್ನೂ ಕಂಡಿದ್ದೇನೆ. ಪೆಟ್ಟಿಗೆಯದರಲ್ಲಿ ಈ ತೊಂದರೆಯಿಲ್ಲ, ಮಡಿಕೆಯ ಗೆರೆ ಮಾತ್ರ ಉಳಿಯುತ್ತದೆ. ಆದರೂ ಇಕ್ಕಟ್ಟಿನ ಶೆಡ್ಡಿಗೆ ರೋಲೇ ವಾಸಿ. ಕೊಳ್ಳುವಾಗ ತೂಕದಲ್ಲಿ ನಡುವಿನ ಕಾಗದದ ಕೊಳವೆಯೂ ಸೇರಿದೆಯೇ ಎಂದು ಕೇಳಿ. ಪ್ಲಾಸ್ಟಿಕ್ಕಿನ ದರದಲ್ಲಿ ರಟ್ಟು ಕೊಳ್ಳಬಾರದು.

ನಮ್ಮಲ್ಲಿ ಈಗ ಹೆಚ್ಚು ಹೋಗುವ ಎರಡು ಕಿಟ್‌ಗಳಿಗೆ ಬಾಯಿ ತೆರೆದ ರೋಲ್, ಸಣ್ಣ ಆರ್ಡರ್‌ಗಳಿಗೆ ತಳದ ಬೆಸುಗೆಯ ಬಿಡಿ ಕವರ್. ಯಂತ್ರಕ್ಕೆ ಹಣ ಹೂಡಲಾಗದವರೂ ಈ ರೋಲನ್ನು ಬಿಡಬೇಕಿಲ್ಲ. ಮೇಜಿನ ಅಂಚಿಗೆ ಅಡ್ಡ ಪೈಪ್ ಹಾಕಿ ರೋಲ್ ತೂಗುಬಿಟ್ಟು, ಬಾಯಿಗೆ ನೇರವಾಗಿ ಸಣ್ಣ ಫ್ಯಾನ್ ಇಟ್ಟರೆ ಕವರ್ ತಾನೇ ಅರಳುತ್ತದೆ. ತಳಕ್ಕೆ ಅಂಗೈ ಆನಿಸಿ ತುಂಬಿ, ಹರಿದು, ಕಾಲಿನಿಂದ ಒತ್ತುವ ಸೀಲರಿಗೆ ಕೊಡಬೇಕು. ಅಂಗೈ ಆನಿಸದಿದ್ದರೆ ಸ್ಕ್ರೂಗಳ ಭಾರಕ್ಕೆ ತೂತಿನ ಗೆರೆ ಮೊದಲೇ ಕಳಚುತ್ತದೆ.